ಹವೆಯೇ ಕೀ ಕೊಡುವ ಗಡಿಯಾರ

ಹವಾಮಾನ ಇಲಾಖೆಯ ದಿನದ ವರದಿಯಲ್ಲಿ ಮಂಗಳೂರಿಗೆ ಎರಡು ಸಾಲು. ಒಂದು ಬಜ್ಪೆ ಗುಡ್ಡದ ಮೇಲಿನ ವಿಮಾನ ನಿಲ್ದಾಣದ್ದು, ಇನ್ನೊಂದು ಕಡಲ ಬದಿಯ ಪಣಂಬೂರಿನದು. ಪಣಂಬೂರಿನ ಹೆಸರಿನ ಮುಂದೆ ಗರಿಷ್ಠ, ಕನಿಷ್ಠ ಎಂದು ಎರಡು ಅಂಕಿ ಇರುತ್ತವೆ. ತುಳುನಾಡಿನ ಆಟಿ ತಿಂಗಳ, ಅಂದರೆ ಜುಲೈ ಆಗಸ್ಟ್ ಹೊತ್ತಿನ ಮಳೆಯಲ್ಲಿ ನೋಡಿದರೆ ಸುಮಾರು 28 ಮತ್ತು 24. ಜನವರಿಯಲ್ಲಿ ನೋಡಿದರೆ ಸುಮಾರು 32 ಮತ್ತು 21. ದಿಲ್ಲಿ, ರಾಜಸ್ಥಾನದ ಅಂಕಿಗಳ ಪಕ್ಕದಲ್ಲಿಟ್ಟರೆ ಇದೊಂದು ಏರಿಳಿತವೇ ಅಲ್ಲ. ಇಲ್ಲಿಯವರನ್ನು ಕೇಳಿದರೂ ಬರುವ ಉತ್ತರ ಒಂದೇ: "ಎಂಥದು ಮಾರಾಯ್ರೆ, ವರ್ಷವಿಡೀ ಒಂದೇ ಸೆಕೆ."

ಆ ಎರಡು ಅಂಕಿಗಳ ನಡುವಿನ ಅಂತರವನ್ನು ಉಂಡು ಬದುಕುವ ಗಡಿಯಾರವೊಂದಿದೆ. ಅದಕ್ಕೆ ಕೀ ಕೊಡಬೇಕಾಗಿಲ್ಲ, ಬ್ಯಾಟರಿ ಬೇಡ, ವಿದ್ಯುತ್ತಿನ ವೈರೂ ಇಲ್ಲ. ಮೇಜಿನ ಮೇಲೆ ಸಮತಟ್ಟಾಗಿ ಕೂರಿಸಿ ಬಿಟ್ಟರೆ ಕೋಣೆಯ ಗಾಳಿ ಬೆಚ್ಚಗಾದಂತೆ, ತಣ್ಣಗಾದಂತೆ ತನ್ನ ಸ್ಪ್ರಿಂಗನ್ನು ತಾನೇ ಬಿಗಿದುಕೊಳ್ಳುತ್ತದೆ. ಹೆಸರು ಆಟ್ಮಾಸ್. ತಯಾರಕರು ಸ್ವಿಟ್ಜರ್‌ಲೆಂಡಿನ ಜೇಗರ್ ಲಕೂಲ್ತ್. ಸುಮಾರು ಒಂದು ಗೇಣು ಎತ್ತರ, ಹಿತ್ತಾಳೆಯ ಚೌಕಟ್ಟು, ನಾಲ್ಕೂ ಬದಿಗೆ ಗಾಜು, ಮಧ್ಯದಲ್ಲಿ ಮುಳ್ಳುಗಳು, ಕೆಳಗೆ ಬಳೆಯಂತೆ ಅಡ್ಡಲಾಗಿ ತೂಗುವ ಒಂದು ಚಕ್ರ. ಹಳೆಯ ಗಡಿಯಾರಗಳನ್ನು ಸಂಗ್ರಹಿಸುವವರು ಜಗತ್ತಿನಾದ್ಯಂತ ಇದನ್ನು ಹುಡುಕುತ್ತಾರೆ.

ಈ ಗಡಿಯಾರದ ಕತೆಯನ್ನು ಪಣಂಬೂರಿನಿಂದ ಹೇಳುವುದಕ್ಕೆ ಕಾರಣವಿದೆ. ಕರ್ನಾಟಕಕ್ಕೆ ಬೇಕಾದ ಶಕ್ತಿ ಹಡಗಿನಿಂದ ಇಳಿಯುವ ಬಾಗಿಲು ಇದು. ಇಲ್ಲಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ದೊಡ್ಡ ಬಂದರು ಎಂದು ಘೋಷಣೆಯಾಯಿತು. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ ಬೇಕಾದ ಕಚ್ಚಾ ತೈಲ, ಅಡುಗೆಮನೆಗೆ ಬೇಕಾದ ಅನಿಲ, ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲು ಈ ದಾರಿಯಲ್ಲೇ ಬರುತ್ತವೆ. ಶಕ್ತಿಯೆಂದರೆ ಟನ್ನುಗಟ್ಟಲೆ ತರಿಸಬೇಕಾದ ಸರಕು ಎಂದೇ ನಮಗೆ ರೂಢಿ. ಅದೇ ಪಣಂಬೂರಿನ ಬೆಳಗು ಮಧ್ಯಾಹ್ನಗಳ ನಡುವೆ, ಯಾರೂ ಇಳಿಸಿಕೊಳ್ಳದ, ಯಾರೂ ಸುಂಕ ಕಟ್ಟದ ಒಂದು ಸಣ್ಣ ಶಕ್ತಿಯೂ ಇದೆ. ಅಷ್ಟರಲ್ಲೇ ಬದುಕು ಸಾಗಿಸಲು ಕಲಿತ ಯಂತ್ರ ಹೇಗಿರುತ್ತದೆ ಎಂದು ನೋಡುವುದಕ್ಕೆ ಇದಕ್ಕಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ.

ಎಣ್ಣೆಯ ಬಾಟಲಿ, ಗ್ಯಾಸಿನ ಸಿಲಿಂಡರು

ಡಿಸೆಂಬರ್ ಕೊನೆಯಲ್ಲಿ ಕರಾವಳಿಯ ಯಾವ ಮನೆಯ ಬಚ್ಚಲಿಗೆ ಹೋದರೂ ಒಂದು ದೃಶ್ಯ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ತೆಂಗಿನೆಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿ. ಕಡ್ಡಿ ಹಾಕಿ ಕೆದಕಬೇಕು, ಇಲ್ಲವೇ ಬಾಟಲಿಯನ್ನು ಬಿಸಿನೀರಿನ ಚೆಂಬಿನಲ್ಲಿ ನಿಲ್ಲಿಸಬೇಕು. ಒಂಬತ್ತಕ್ಕೆ ಅಂಚಿನಲ್ಲಿ ಕರಗಿ ನಡುವೆ ಬಿಳಿಯ ಗಟ್ಟಿ ತೇಲುತ್ತಿರುತ್ತದೆ. ಮಧ್ಯಾಹ್ನ ನೋಡಿದರೆ ಪೂರ್ತಿ ತಿಳಿ. ತೆಂಗಿನೆಣ್ಣೆ ಗಟ್ಟಿಯಾಗುವ ಗೆರೆ ಸುಮಾರು 24 ಡಿಗ್ರಿ. ಆ ಗೆರೆಯ ಆಚೀಚೆ ನಾಲ್ಕು ಡಿಗ್ರಿ ಸರಿದರೆ ಸಾಕು, ಒಂದು ವಸ್ತು ತನ್ನ ಸ್ಥಿತಿಯನ್ನೇ ಬದಲಿಸುತ್ತದೆ. ನಮ್ಮ ಮೈಗೆ ಗೊತ್ತಾಗದ ವ್ಯತ್ಯಾಸ ಎಣ್ಣೆಗೆ ಗೊತ್ತಾಗುತ್ತದೆ.

ಆಟ್ಮಾಸ್‌ನ ಗುಟ್ಟೂ ಇದೇ ಜಾತಿಯದು. ಎಣ್ಣೆಯ ಜಾಗದಲ್ಲಿ ಅಲ್ಲಿ ಇರುವುದು ಈಥೈಲ್ ಕ್ಲೋರೈಡ್ ಎಂಬ ರಾಸಾಯನಿಕ. ಆಟದ ಮೈದಾನದಲ್ಲಿ ಪೆಟ್ಟು ಬಿದ್ದ ಜಾಗಕ್ಕೆ ಸಿಂಪಡಿಸಿ ಮರಗಟ್ಟಿಸುವ ತಣ್ಣನೆಯ ಸ್ಪ್ರೇಗಳಲ್ಲಿ ಬಳಕೆಯಾಗುವ ವಸ್ತು ಇದು. 12 ಡಿಗ್ರಿ ದಾಟುತ್ತಿದ್ದಂತೆ ತೆರೆದ ಗಾಳಿಯಲ್ಲಿ ಕುದಿಯುತ್ತದೆ. ಹಾಗಾಗಿ ಅಂಗೈಗೆ ಬಿದ್ದ ಹನಿ ಕ್ಷಣದಲ್ಲಿ ಆವಿಯಾಗಿ ಚರ್ಮದ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಇದನ್ನು ಎಲ್ಲಿಂದಲೂ ಸೋರದ ಹಾಗೆ ಒಂದು ಲೋಹದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕುದಿದು ಓಡಿಹೋಗಲು ದಾರಿ ಇರುವುದಿಲ್ಲ. ಒಂದು ಪಾಲು ದ್ರವವಾಗಿ, ಒಂದು ಪಾಲು ಆವಿಯಾಗಿ ಒಳಗೇ ಉಳಿಯುತ್ತದೆ.

ಅಡುಗೆಮನೆಯ ಗ್ಯಾಸ್ ಸಿಲಿಂಡರು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲೂ ಅನಿಲ ದ್ರವವಾಗಿ, ಆವಿಯಾಗಿ ಜೊತೆಜೊತೆಗೆ ಇರುತ್ತದೆ. ತುಂಬಿದ ಸಿಲಿಂಡರಿನ ಉರಿಯೂ ಅರ್ಧ ಖಾಲಿಯಾದದ್ದರ ಉರಿಯೂ ಹೆಚ್ಚುಕಡಿಮೆ ಒಂದೇ. ಒಳಗೆ ದ್ರವ ಉಳಿದಿರುವ ತನಕ ಒತ್ತಡವನ್ನು ತೀರ್ಮಾನಿಸುವುದು ಮುಖ್ಯವಾಗಿ ಶಾಖ. ದ್ರವ ಎಷ್ಟು ಉಳಿದಿದೆ ಎಂಬುದಕ್ಕೆ ಅಲ್ಲಿ ದೊಡ್ಡ ಪಾತ್ರವಿಲ್ಲ. ಶಾಖ ಒಂದಿಷ್ಟು ಏರಿದರೆ ಇನ್ನಷ್ಟು ದ್ರವ ಆವಿಯಾಗಿ ಒತ್ತಡ ಏರುತ್ತದೆ, ಇಳಿದರೆ ಆವಿ ಮತ್ತೆ ಹನಿಯಾಗಿ ಒತ್ತಡ ಇಳಿಯುತ್ತದೆ. ಬರೀ ಗಾಳಿಯನ್ನು ತುಂಬಿದ ಡಬ್ಬಿಯಲ್ಲಿ ಒಂದು ಡಿಗ್ರಿಗೆ ಆಗುವ ಬದಲಾವಣೆ ತೀರಾ ಕಡಿಮೆ. ದ್ರವ ಮತ್ತು ಆವಿ ಎರಡೂ ಇರುವ ಡಬ್ಬಿಯಲ್ಲಿ ಅದು ಹಲವು ಪಟ್ಟು ಹೆಚ್ಚು.

ಆಟ್ಮಾಸ್‌ನ ಬೆನ್ನಿಗೆ ಅಂಟಿಕೊಂಡಂತೆ ಒಂದು ದುಂಡನೆಯ ಹಿತ್ತಾಳೆ ಡಬ್ಬಿ ಇದೆ. ಅದರೊಳಗೆ ಮಡಿಕೆ ಮಡಿಕೆಯಾಗಿ ಕೂತಿರುವ ಲೋಹದ ತಿದಿ. ಕಮ್ಮಾರನ ಕುಲುಮೆಯಲ್ಲಿ, ಹಾರ್ಮೋನಿಯಂನ ಬೆನ್ನಿನಲ್ಲಿ ನಾವು ನೋಡುವ ಅದೇ ತಿದಿ. ವ್ಯತ್ಯಾಸವೆಂದರೆ ಇದು ಪೂರ್ತಿ ಮುಚ್ಚಿದ ತಿದಿ, ಒತ್ತುವ ಕೈ ಹೊರಗಿಲ್ಲ. ಕೋಣೆ ಬೆಚ್ಚಗಾದರೆ ಈಥೈಲ್ ಕ್ಲೋರೈಡ್ ಆವಿ ತಿದಿಯನ್ನು ಹಿಗ್ಗಿಸುತ್ತದೆ, ತಣ್ಣಗಾದರೆ ಎದುರಿನ ಗಟ್ಟಿ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ಹೋಗಿ ಬರುವ ಚಲನೆಗೆ ಒಂದು ಸಣ್ಣ ಸರಪಳಿ ಕಟ್ಟಿದೆ. ಸರಪಳಿಯ ಇನ್ನೊಂದು ತುದಿಯಲ್ಲಿ ಮುಂದಕ್ಕೆ ಮಾತ್ರ ತಿರುಗಿ ಹಿಂದಕ್ಕೆ ಜಾರದ ಹಲ್ಲಿನ ಚಕ್ರ. ತಿದಿ ಉಸಿರಾಡಿದಷ್ಟೂ ಚಕ್ರ ಒಂದೊಂದೇ ಹಲ್ಲು ದಾಟುತ್ತದೆ, ಗಡಿಯಾರದ ಮುಖ್ಯ ಸ್ಪ್ರಿಂಗು ಬಿಗಿಯಾಗುತ್ತಾ ಹೋಗುತ್ತದೆ.

ಎಷ್ಟು ಬದಲಾವಣೆ ಬೇಕು? 15ರಿಂದ 30 ಡಿಗ್ರಿಯ ನಡುವೆ ಒಂದೇ ಒಂದು ಡಿಗ್ರಿ ಏರಿಳಿದರೆ ಗಡಿಯಾರ ಸುಮಾರು ಎರಡು ದಿನ ನಡೆಯುತ್ತದೆ ಎನ್ನುತ್ತಾರೆ ತಯಾರಕರು. ಆಟಿಯ ಮೋಡ ಕವಿದ ದಿನದಲ್ಲೂ ಪಣಂಬೂರಿನ ಎರಡು ಅಂಕಿಗಳ ನಡುವೆ ನಾಲ್ಕೈದು ಡಿಗ್ರಿ ಅಂತರ ಇರುತ್ತದಲ್ಲ!

ಅರ್ಧ ನಿಮಿಷಕ್ಕೊಂದು ತಿರುವು

ಒಂದು ಡಿಗ್ರಿಯಿಂದ ಸಿಗುವ ಶಕ್ತಿ ಬಹಳ ಕಡಿಮೆ. ಮಾಮೂಲಿ ಗಡಿಯಾರವನ್ನು ಅಷ್ಟರಲ್ಲಿ ನಡೆಸಲಾಗದು. ಅಲ್ಲಿಂದಲೇ ಈ ಯಂತ್ರದ ನಿಜವಾದ ಕುಶಲತೆ ಶುರುವಾಗುವುದು. ಗಾಳಿಯಿಂದ ಶಕ್ತಿ ಹಿಂಡುವ ಉಪಾಯಕ್ಕಿಂತ, ಆ ಶಕ್ತಿಯನ್ನು ಕಡಿಮೆ ಖರ್ಚು ಮಾಡುವ ಉಪಾಯಕ್ಕೆ ಇದರಲ್ಲಿ ಹೆಚ್ಚು ಬುದ್ಧಿ ವ್ಯಯವಾಗಿದೆ.

ಕೀ ಕೊಡುವ ಹಳೆಯ ಕೈಗಡಿಯಾರವನ್ನು ಕಿವಿಗಿಟ್ಟರೆ ನಿಮಿಷಕ್ಕೆ 300 ಬಡಿತ ಕೇಳಿಸುತ್ತದೆ. ಆಟ್ಮಾಸ್‌ನ ಬಳೆಚಕ್ರ ಒಂದು ಬದಿಗೆ ತಿರುಗಲು 30 ಸೆಕೆಂಡು, ಮರಳಲು 30 ಸೆಕೆಂಡು ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ ಎರಡೇ ತಿರುವು. ಮೊದಲ ಸಲ ಇದನ್ನು ಎದುರು ಕೂತು ನೋಡಿದಾಗ ಗಡಿಯಾರ ನಿಂತಿದೆ ಎಂದೇ ನಾನು ತಿಳಿದಿದ್ದೆ. ಚಕ್ರದ ಹೊಳಪಿನ ಮೇಲೆ ಕಿಟಕಿಯ ಬಿಂಬ ಬಿದ್ದಿತ್ತು. ಕಣ್ಣು ಕೀಲಿಸಿ ನೋಡುತ್ತಾ ಕೂತರೆ ಆ ಬಿಂಬದ ಅಡಿಯಲ್ಲಿ ಲೋಹ ಮೆಲ್ಲಗೆ ಸರಿಯುತ್ತಿದೆ. ಸರಿದು ಸರಿದು ನಿಧಾನವಾಯಿತು, ನಿಂತಿತು ಎನ್ನುವಾಗ ಅದೇ ಮೆಲುಗತಿಯಲ್ಲಿ ಹಿಂದಕ್ಕೆ ಹೊರಟಿತು. ಟಿಕ್ ಇಲ್ಲ, ಟಕ್ ಇಲ್ಲ. ನೋಡುತ್ತಾ ನನ್ನ ಉಸಿರೂ ನಿಧಾನವಾದದ್ದು ಆಮೇಲೆ ಗಮನಕ್ಕೆ ಬಂತು.

ಆ ಬಳೆಚಕ್ರವನ್ನು ಹೊತ್ತಿರುವುದು ಕೂದಲಿನಷ್ಟು ತೆಳ್ಳಗಿನ ಒಂದು ತಂತಿ. ಚಕ್ರ ತೂಗುವುದು ಈ ತಂತಿಯ ತಿರುಚಿನಿಂದ. ಬಟ್ಟೆ ಹಿಂಡುವಾಗ ತಿರುಚಿದ ಬಟ್ಟೆ ಕೈಬಿಟ್ಟ ಕೂಡಲೇ ಹಿಂದಕ್ಕೆ ಸುತ್ತಿಕೊಳ್ಳುತ್ತದಲ್ಲ, ಅದೇ ಬಗೆ. ಚಕ್ರ ತಿರುಗಿದಂತೆ ತಂತಿ ತಿರುಚಿಕೊಳ್ಳುತ್ತದೆ, ಸಾಕಷ್ಟು ತಿರುಚಿದ ಮೇಲೆ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಅಕ್ಷ, ಬೇರಿಂಗು ಯಾವುದೂ ಉಜ್ಜುವುದಿಲ್ಲವಾದ್ದರಿಂದ ಶಕ್ತಿ ಸೋರುವ ದೊಡ್ಡ ತೂತೊಂದು ಮುಚ್ಚಿಹೋಗುತ್ತದೆ. ಒಳಗಿನ ಬಹುಪಾಲು ಚಕ್ರಗಳ ಮೊನೆಗಳಿಗೆ ಎಣ್ಣೆಯನ್ನೂ ಹಾಕುವುದಿಲ್ಲ. ಎಣ್ಣೆ ವರ್ಷ ಕಳೆದಂತೆ ಅಂಟಾಗುತ್ತದೆ, ಅಂಟಿನ ತಡೆಯನ್ನು ತಳ್ಳುವಷ್ಟು ಬಲ ಈ ಗಡಿಯಾರಕ್ಕೆ ಇಲ್ಲ. ಗಾಜಿನ ಮನೆ ಅಂದಕ್ಕಷ್ಟೇ ಇರುವುದಲ್ಲ. ಫ್ಯಾನಿನ ಗಾಳಿ ಮತ್ತು ಧೂಳು ಚಕ್ರವನ್ನು ಮುಟ್ಟಬಾರದು.

ಇಲ್ಲೊಂದು ಗಂಟು ಇದೆ, ಅದೇ ನನಗೆ ಈ ಗಡಿಯಾರದ ಅತ್ಯಂತ ಸೊಗಸಿನ ಭಾಗ. ಇದು ಬದುಕುವುದೇ ಶಾಖದ ಏರಿಳಿತದಿಂದ. ಆದರೆ ಶಾಖ ಏರಿಳಿದರೆ ಲೋಹದ ತಂತಿಯ ಬಿಗುವು ಬದಲಾಗುತ್ತದೆ, ಬಿಗುವು ಬದಲಾದರೆ ಗಡಿಯಾರ ಮುಂದೆ ಹಿಂದೆ ಓಡುತ್ತದೆ. ಉಣಿಸುವ ಕೈಯೇ ತಾಳವನ್ನೂ ಕೆಡಿಸುತ್ತದೆ. ಒಂದೇ ಕೋಣೆಯಲ್ಲಿ ಹಿಂದಿನ ತಿದಿ ಪ್ರತಿ ಡಿಗ್ರಿಗೂ ಓಗೊಡಬೇಕು, ಕೆಳಗಿನ ತಂತಿ ಯಾವ ಡಿಗ್ರಿಗೂ ಕದಲಬಾರದು.

ಈ ಗಂಟನ್ನು ಬಿಚ್ಚಿದ್ದು ಎಲಿನ್ವಾರ್ ಎಂಬ ಮಿಶ್ರಲೋಹ. ಸ್ವಿಸ್ ವಿಜ್ಞಾನಿ ಶಾರ್ಲ್ ಎದ್ವಾರ್ ಗಿಯೋಮ್ ನಿಕ್ಕಲ್ ಬೆರೆಸಿದ ಉಕ್ಕುಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿ, ಶಾಖಕ್ಕೆ ಹಿಗ್ಗದ ಇನ್ವಾರ್, ಶಾಖಕ್ಕೆ ಬಿಗುವು ಬದಲಿಸದ ಎಲಿನ್ವಾರ್ ಎರಡನ್ನೂ ಕಂಡುಕೊಂಡವರು. 1920ರ ಭೌತವಿಜ್ಞಾನ ನೊಬೆಲ್ ಅವರಿಗೆ ಬಂದದ್ದು ನಿಕ್ಕಲ್ ಉಕ್ಕಿನ ಈ ಕೆಲಸಕ್ಕೇ. ಅವರ ಲೋಹ ಇಲ್ಲದಿದ್ದರೆ ಆಟ್ಮಾಸ್ ನಡೆಯುತ್ತಿತ್ತು, ಹೊತ್ತು ಮಾತ್ರ ಸರಿ ತೋರಿಸುತ್ತಿರಲಿಲ್ಲ.

ಇಷ್ಟೆಲ್ಲ ಮಿತವ್ಯಯದ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದಕ್ಕೆ ತಯಾರಕರದೇ ಒಂದು ಹೋಲಿಕೆ ಇದೆ. 6 ಕೋಟಿ ಆಟ್ಮಾಸ್‌ಗಳನ್ನು ಒಟ್ಟಿಗೆ ನಡೆಸಲು ಬೇಕಾದ ಶಕ್ತಿ 15 ವ್ಯಾಟಿನ ಒಂದು ಬಲ್ಬಿಗೆ ಬೇಕಾದಷ್ಟು. ಭಾಗಿಸಿ ನೋಡಿದರೆ ಒಂದು ಗಡಿಯಾರದ ಪಾಲಿಗೆ ಬರುವುದು ಒಂದು ವ್ಯಾಟಿನ 40 ಲಕ್ಷದಲ್ಲಿ ಒಂದು ಭಾಗ.

ಪಾದರಸದ ಚಕ್ರದಿಂದ ಅಮೋನಿಯಾ ಕೊಳವೆಗೆ

ತಾನೇ ತಿರುಗುವ ಚಕ್ರದ ಕನಸು ನಮ್ಮಲ್ಲಿ ಹಳೆಯದು. ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡ ತನ್ನ ಊರು ಎಂದು ಹೇಳಿಕೊಂಡಿರುವ ಎರಡನೆಯ ಭಾಸ್ಕರಾಚಾರ್ಯ, 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ಅಂಥ ಒಂದು ಯಂತ್ರವನ್ನು ವಿವರಿಸುತ್ತಾನೆ. ಹಗುರ ಮರದ ಚಕ್ರ, ಪೊಳ್ಳು ಅರಗಳು, ಅರಗಳಲ್ಲಿ ಅರ್ಧ ಪಾದರಸ. ಚಕ್ರ ತಿರುಗಿದಂತೆ ಪಾದರಸ ಒಂದು ಕಡೆಗೆ ಸರಿದು ಭಾರ ಹೆಚ್ಚಿಸಿ ಚಕ್ರವನ್ನು ಮತ್ತೆ ಮತ್ತೆ ತಿರುಗಿಸಬೇಕು ಎನ್ನುವುದು ಎಣಿಕೆ. ಭೌತವಿಜ್ಞಾನ ಅದಕ್ಕೆ ಒಪ್ಪುವುದಿಲ್ಲ. ಪೂರ್ತಿ ಸುತ್ತಿನ ಲೆಕ್ಕ ತೆಗೆದರೆ ಇಳಿಯುವ ಕಡೆ ಗಳಿಸಿದ್ದು ಏರುವ ಕಡೆ ಖರ್ಚಾಗಿರುತ್ತದೆ, ಘರ್ಷಣೆ ಇನ್ನಷ್ಟು ಕಸಿಯುತ್ತದೆ. ಹೊರಗಿನಿಂದ ಏನೂ ಪಡೆಯದೆ ಸದಾ ತಿರುಗುವ ಯಂತ್ರ ಸಾಧ್ಯವಿಲ್ಲ.

ಆಟ್ಮಾಸನ್ನು ಕೆಲವರು 'ಶಾಶ್ವತ ಚಲನೆಯ ಗಡಿಯಾರ' ಎಂದು ಕರೆಯುವುದುಂಟು. ಅದು ಸರಿಯಲ್ಲ. ಇದು ಹೊರಗಿನಿಂದ ಶಕ್ತಿಯನ್ನು ಪಡೆಯುತ್ತದೆ, ಬಾಯಿ ಕಾಣುವುದಿಲ್ಲ ಅಷ್ಟೆ. ಸೂರ್ಯ ಕೋಣೆಯನ್ನು ಬಿಸಿ ಮಾಡುತ್ತಾನೆ, ರಾತ್ರಿ ತಂಪು ಮಾಡುತ್ತದೆ, ಆ ಹೋಗಿಬರುವಿಕೆಯಲ್ಲಿ ಒಂದು ಕಣ ಗಡಿಯಾರಕ್ಕೆ.

ಈ ದಾರಿಯನ್ನು ಹಿಡಿದವರು ಯುರೋಪಿನಲ್ಲಿ ಹಲವರು. 17ನೇ ಶತಮಾನದ ಆರಂಭದಲ್ಲಿ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್, ಇಂಗ್ಲೆಂಡಿನ ಒಂದನೇ ಜೇಮ್ಸ್ ದೊರೆಗೆ ಗಾಳಿಯ ಹಿಗ್ಗು ಕುಗ್ಗಿನಿಂದ ಗಾಜಿನ ಕೊಳವೆಯಲ್ಲಿ ದ್ರವ ಸರಿಯುವ ಯಂತ್ರವೊಂದನ್ನು ತೋರಿಸಿದ. 1760ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ಕಾಕ್ಸ್, ಜಾನ್ ಜೋಸೆಫ್ ಮರ್ಲಿನ್ ಜೊತೆ ಸೇರಿ ವಾಯುಭಾರದ ಏರಿಳಿತದಿಂದ ಕೀ ತಿರುಗುವ ಗಡಿಯಾರ ಕಟ್ಟಿದ. ಅದರ ಹೊಟ್ಟೆಯಲ್ಲಿ ಸುಮಾರು 68 ಕಿಲೋ ಪಾದರಸ. ಪಾದರಸ ತೆಗೆದ ಆ ಗಡಿಯಾರ ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1864ರಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಆರ್ಥರ್ ಬೆವರ್ಲಿ ಕಟ್ಟಿದ ಗಡಿಯಾರ ಒಟಾಗೊ ವಿಶ್ವವಿದ್ಯಾಲಯದಲ್ಲಿದೆ. ಒಂದು ಘನ ಅಡಿ ಗಾಳಿಯ ಪೆಟ್ಟಿಗೆಯೇ ಅದರ ಆಹಾರ. ಹಗಲು ರಾತ್ರಿಗಳ ಶಾಖದಲ್ಲಿ ಅಂತರ ಸಾಲದೆ ಅದು ಆಗೊಮ್ಮೆ ಈಗೊಮ್ಮೆ ನಿಂತದ್ದೂ ಉಂಟು. ಬೆವರ್ಲಿಯ ಗಡಿಯಾರ ಬರೀ ಗಾಳಿಯನ್ನು ನೆಚ್ಚಿಕೊಂಡಿತ್ತು. ದ್ರವ, ಆವಿ ಎರಡನ್ನೂ ಒಟ್ಟಿಗೆ ಮುಚ್ಚಿಡುವ ಉಪಾಯ ಬರುವ ತನಕ ಈ ಜಾತಿಯ ಗಡಿಯಾರ ಮನೆಯ ಮೇಜಿಗೆ ಬರುವಂತಿರಲಿಲ್ಲ.

ಅದನ್ನು ಸಾಧಿಸಿದ್ದು ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನ ಎಂಜಿನಿಯರ್ ಜ್ಯಾಂ ಲಿಯೋಂ ರೂಟರ್. 1928ರಲ್ಲಿ ಅವರ ಮೊದಲ ಗಡಿಯಾರ ನಡೆಯಿತು. ಆಟ್ಮಾಸ್ ಒಂದು ಎಂದು ಈಗ ಸಂಗ್ರಾಹಕರು ಕರೆಯುವ ಮಾದರಿಗಳು ಫ್ರಾನ್ಸಿನಲ್ಲಿ ತಯಾರಾದವು. ಗಾಜಿನ ಕೊಳವೆಯಲ್ಲಿ ಪಾದರಸ, ಅದರ ಜೊತೆ ಅಮೋನಿಯಾ. ಶಾಖ ಬದಲಾದರೆ ಅಮೋನಿಯಾದ ಒತ್ತಡ ಪಾದರಸವನ್ನು ಸರಿಸುತ್ತದೆ, ಸರಿದ ಭಾರ ಗಡಿಯಾರಕ್ಕೆ ಕೀ ಕೊಡುತ್ತದೆ. ಭಾಸ್ಕರನ ಚಕ್ರದ ಪಾದರಸ ಎಂಟು ಶತಮಾನಗಳ ನಂತರ ಮನೆಯ ಮೇಜಿನ ಗಡಿಯಾರವನ್ನು ನಡೆಸಿತು. ಅದನ್ನು ಸರಿಸುವ ಕೈ ಹೊರಗಿನ ಶಾಖದ್ದಾಗಿತ್ತು.

ರೂಟರ್ ಆರಿಸಿಕೊಂಡ ಅಮೋನಿಯಾ ಪಣಂಬೂರಿಗೆ ಹೊಸದಲ್ಲ. ಬಂದರಿನ ಬದಿಯ ಮಂಗಳೂರು ಕೆಮಿಕಲ್ಸ್ ಆಂಡ್ ಫರ್ಟಿಲೈಸರ್ಸ್ ಕಾರ್ಖಾನೆ 1976ರಿಂದ ಅದನ್ನು ಯೂರಿಯಾ ಮಾಡಲು ತಯಾರಿಸುತ್ತಿದೆ. ಸ್ವಲ್ಪ ಒತ್ತಡ ಕೊಟ್ಟರೆ ದ್ರವವಾಗುವ, ಸ್ವಲ್ಪ ಶಾಖ ಕೊಟ್ಟರೆ ಆವಿಯಾಗುವ ಗುಣವೇ ರೂಟರ್ ಕಣ್ಣಿಗೆ ಬಿದ್ದದ್ದು. ಆದರೆ ಪಾದರಸ, ಗಾಜು, ಅಮೋನಿಯಾ ಮೂರೂ ಸೇರಿದ ಯಂತ್ರವನ್ನು ಸಾಗಿಸುವುದು, ರಿಪೇರಿ ಮಾಡುವುದು ಸುಲಭವಿರಲಿಲ್ಲ. 1930ರ ದಶಕದ ನಡುವಿನಲ್ಲಿ ಈ ಗಡಿಯಾರ ಸ್ವಿಸ್ ಕಂಪನಿಯ ಕೈಗೆ ಬಂತು. 1833ರಿಂದ ಗಡಿಯಾರದ ಕೆಲಸ ಮಾಡುತ್ತಾ ಬಂದ ಲಕೂಲ್ತ್ ಮನೆತನದ ಕಾರ್ಖಾನೆಯ ಕುಶಲಿಗರು ಪಾದರಸವನ್ನು ಬಿಟ್ಟು ಲೋಹದ ತಿದಿ, ಈಥೈಲ್ ಕ್ಲೋರೈಡ್ ತಂದರು. 1936ರಲ್ಲಿ ಬಂದ ಆಟ್ಮಾಸ್ ಎರಡರಿಂದ ಇಂದಿನವರೆಗೂ ಮೂಲ ಉಪಾಯ ಅದೇ. 1950ರಿಂದ ಸ್ವಿಸ್ ಸರ್ಕಾರ ತನ್ನ ಗಣ್ಯ ಅತಿಥಿಗಳಿಗೆ ಇದನ್ನೇ ಉಡುಗೊರೆ ಕೊಡುತ್ತಾ ಬಂದಿದೆ. ಚರ್ಚಿಲ್, ಕೆನಡಿ ಪಡೆದವರಲ್ಲಿ ಸೇರಿದ್ದಾರೆ.

ಗಡಿಯಾರಕ್ಕೆ ಉಣಿಸುವವರು ಯಾರು?

ಗಡಿಯಾರದ ಚರಿತ್ರೆಯನ್ನು ಯಾರು ಅದಕ್ಕೆ ಉಣಿಸಿದರು ಎಂಬ ಪ್ರಶ್ನೆಯಿಂದಲೂ ಓದಬಹುದು. ಗಳಿಗೆ ಬಟ್ಟಲಿನ ಕಾಲದಲ್ಲಿ ಒಬ್ಬ ಮನುಷ್ಯ ಪಕ್ಕದಲ್ಲೇ ಕೂರಬೇಕಿತ್ತು. ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲು ನೀರಿನಲ್ಲಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಎತ್ತಿ ಖಾಲಿ ಮಾಡಿ ಮತ್ತೆ ತೇಲಿಬಿಡಬೇಕು. ಲೋಲಕದ ಗೋಡೆ ಗಡಿಯಾರ ಬಂದಾಗ ಈ ಕೆಲಸ ವಾರಕ್ಕೊಮ್ಮೆಗೆ ಇಳಿಯಿತು. ಎಷ್ಟೋ ಮನೆಗಳಲ್ಲಿ ಅದು ಯಜಮಾನರ ಹಕ್ಕಿನ ಕೆಲಸ, ಮಕ್ಕಳಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಈ ಕತೆಯ ದೊಡ್ಡ ಅಧ್ಯಾಯ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಅದರ ಕೈಗಡಿಯಾರ ಕಾರ್ಖಾನೆ ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ 'ಜನತಾ' ವಾಚಿಗೆ ಕೀ ಕೊಡುವುದು ಒಂದು ತಲೆಮಾರಿಗೆ ನಿತ್ಯಕರ್ಮ. ಮದುವೆಯ ಉಡುಗೊರೆಯಾಗಿ ಹೆಸರಾದ 'ಕಾಂಚನ್' ಅದನ್ನೂ ತಪ್ಪಿಸಿತು. ಆಟೋಮ್ಯಾಟಿಕ್ ಆದ್ದರಿಂದ ಕೈ ಬೀಸಿದಷ್ಟೂ ಒಳಗಿನ ತೂಕ ಓಲಾಡಿ ಸ್ಪ್ರಿಂಗು ತಾನೇ ಬಿಗಿಯುತ್ತದೆ. ಬದುಕಿನ ಓಡಾಟದಿಂದ ಉದುರಿದ ಶಕ್ತಿಯನ್ನು ಹೆಕ್ಕಿ ತಿನ್ನುವುದರಲ್ಲಿ ಅದು ಆಟ್ಮಾಸ್‌ನ ನೆಂಟ. ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಮರುದಿನ ಅಥವಾ ಅದರ ಮರುದಿನ ನಿಲ್ಲುತ್ತದೆ. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರಗಳು ಬಂದು ಕೀ ಕೊಡುವ ಅಭ್ಯಾಸವನ್ನೇ ಮರೆಸಿದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ನಲ್ಲಿ ಆ ಕಾಲದ ಯಂತ್ರಗಳನ್ನೂ ವಾಚುಗಳನ್ನೂ ಈಗಲೂ ನೋಡಬಹುದು.

ಸ್ವಿಟ್ಜರ್‌ಲೆಂಡಿನ ಕುಶಲತೆಗೆ ಮಂಗಳೂರು ಅಪರಿಚಿತ ಊರೂ ಅಲ್ಲ. ಸ್ವಿಸ್ ಪಟ್ಟಣದ ಹೆಸರು ಹೊತ್ತ ಬಾಸೆಲ್ ಮಿಷನ್ ತನ್ನ ಆರಂಭದ ಕೈಗಾರಿಕಾ ಪ್ರಯೋಗಗಳಲ್ಲಿ ಗಡಿಯಾರದ ಕೆಲಸವನ್ನೂ ಇಲ್ಲಿ ಪ್ರಯತ್ನಿಸಿತ್ತು. ಅದು ಬೇರೂರಲಿಲ್ಲ. ಬೇರೂರಿದ್ದು ನೇಯ್ಗೆ, ಮುದ್ರಣ, ಮತ್ತೆ 1865ರಲ್ಲಿ ಶುರುವಾದ ಹೆಂಚು. ಆ ಹೆಂಚಿನ ಮಾಡಿನ ಅಡಿಯಲ್ಲಿ ಆಟ್ಮಾಸ್ ಇಟ್ಟರೆ ಹೇಗೆ ಎಂಬ ಯೋಚನೆ ನನಗೆ ಬಿಡದೆ ಬರುತ್ತದೆ.

ಪಣಂಬೂರಿನಲ್ಲಿ ಇಟ್ಟರೆ

ಬೆಳಿಗ್ಗೆ ಹತ್ತು ಹನ್ನೊಂದರ ಮೇಲೆ ಪಣಂಬೂರಿನ ದಂಡೆಯಲ್ಲಿ ನಿಂತರೆ ಗಾಳಿ ದಿಕ್ಕು ಬದಲಿಸುವುದು ಮುಖಕ್ಕೆ ತಾಗುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೆದ್ದಾಗ ಕಡಲ ಕಡೆಯಿಂದ ತಂಪು ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ಅದೇ ವ್ಯಾಪಾರ ತಿರುಗುಮುರುಗು. ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಕಡಲು ಹೀಗೆ ಕಡಿವಾಣ ಹಾಕುವುದರಿಂದಲೇ ಪಣಂಬೂರಿನ ಎರಡು ಅಂಕಿಗಳು ಅಷ್ಟು ಹತ್ತಿರ ಹತ್ತಿರ. ಆಟ್ಮಾಸ್‌ಗೆ ಅಷ್ಟು ಧಾರಾಳ ಸಾಕು.

ಗಾಳಿಗೆ ಇನ್ನೊಂದು ಲಯವೂ ಇದೆ. ಕಡಲಿಗೆ ದಿನಕ್ಕೆ ಎರಡು ಭರತ, ಎರಡು ಇಳಿತ ಇರುವಂತೆ ಉಷ್ಣವಲಯದ ವಾಯುಭಾರವೂ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿತ. ತಿದಿಯನ್ನು ಹೊರಗಿನಿಂದ ಒತ್ತುವುದು ಇದೇ ವಾಯುಭಾರವಾದ್ದರಿಂದ, ಶಾಖದ ಮುಖ್ಯ ಊಟದ ಜೊತೆಗೆ ಇದೂ ಒಂದು ಚೂರು ಸೇರುತ್ತದೆ.

ಇಲ್ಲಿನ ಕಷ್ಟ ನಾವು ಊಹಿಸುವ ಕಡೆ ಇಲ್ಲ. ಮಳೆಗಾಲದಲ್ಲಿ ಅಂತರ ಕಡಿಮೆ, ಗಡಿಯಾರ ನಿಲ್ಲಬಹುದು ಎನಿಸುತ್ತದೆ. ಆದರೆ 24ರಿಂದ 28ರ ಮಳೆಗಾಲ ಪೂರ್ತಿಯಾಗಿ ತಿದಿಯ ಮಿತಿಯೊಳಗೇ ಬರುತ್ತದೆ. ಜಾಗ್ರತೆ ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಮಧ್ಯಾಹ್ನ ಕೋಣೆ 30 ದಾಟಿದರೆ ತಿದಿ ಹಿಗ್ಗುವಷ್ಟು ಹಿಗ್ಗಿ ಕೂತಿರುತ್ತದೆ, ಅದರಾಚೆಯ ಶಾಖ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಕೆಳಗಿಳಿದಾಗ ಮತ್ತೆ ಉಸಿರಾಡುತ್ತದೆ. ಮುಖ್ಯ ಸ್ಪ್ರಿಂಗು ಪೂರ್ತಿ ಬಿಗಿದಿದ್ದರೆ ಬಹಳ ದಿನಗಳ ಬುತ್ತಿ ಒಳಗೇ ಇರುವುದರಿಂದ ಸೆಕೆಗಾಲ ದಾಟುವುದು ಕಷ್ಟವಲ್ಲ. ಬಿಸಿಲು ನೇರ ಬೀಳುವ ಕಿಟಕಿಯ ಬಳಿ ಮಾತ್ರ ಇಡಬಾರದು.

ಇನ್ನೊಂದು ಶತ್ರು ಉಪ್ಪುಗಾಳಿ. ಪಣಂಬೂರಿನಲ್ಲಿ ಕಬ್ಬಿಣದ ಗೇಟು, ಬೈಕಿನ ಸೈಲೆನ್ಸರು ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹಿತ್ತಾಳೆಗೂ ಕಿಲುಬು ಬರುತ್ತದೆ. ನಂದಾದೀಪಕ್ಕೆ ಹುಣಸೆಹುಳಿ ಹಾಕಿ ತಿಕ್ಕಿದಂತೆ ಇದನ್ನು ತಿಕ್ಕಿಬಿಟ್ಟರೆ ಕತೆ ಮುಗಿಯಿತು. ಆಟ್ಮಾಸ್‌ನ ಹೊಳಪು ಹೆಚ್ಚಾಗಿ ತೆಳ್ಳನೆಯ ಚಿನ್ನದ ಲೇಪದ್ದು, ಹುಳಿಯಾಗಲಿ ಪಾಲಿಶ್ ಆಗಲಿ ಅದನ್ನು ಎತ್ತಿಬಿಡುತ್ತದೆ. ಮೆತ್ತನೆಯ ಒಣಬಟ್ಟೆಯೇ ಸಾಕು.

ಕೊಳ್ಳುವವರಿಗೆ ನಾಲ್ಕು ಮಾತು

ಹಳೆಯ ಆಟ್ಮಾಸ್ ಕೊಳ್ಳಹೊರಟವರು ಮುಳ್ಳು, ಮುಖ, ಗಾಜು ನೋಡುವ ಮೊದಲು ತಿದಿಯನ್ನು ವಿಚಾರಿಸಬೇಕು. ಗಡಿಯಾರದ ಜೀವ ಅಲ್ಲಿದೆ. ದಶಕಗಳ ಬಳಿಕ ಬೆಸುಗೆಯ ಸಣ್ಣ ಬಿರುಕಿನಿಂದ ಆವಿ ಸೋರಿಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅನುಭವಸ್ಥ ರಿಪೇರಿಯವರು ತಿದಿಯನ್ನು ಹೊರತೆಗೆದು ಅದರ ದಪ್ಪ ಅಳೆಯುತ್ತಾರೆ, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ಅಳೆಯುತ್ತಾರೆ. ತಂಪಿಗೆ ಕುಗ್ಗಿ, ಹೊರಗೆ ಬಂದ ಮೇಲೆ ಹಿಗ್ಗಿದರೆ ಜೀವವಿದೆ. ಎರಡೂ ಅಳತೆ ಒಂದೇ ಆಗಿದ್ದರೆ ಆವಿ ಹೋಗಿದೆ. ಡಬ್ಬಿಯೊಳಗೆ ಬಲವಾದ ಸ್ಪ್ರಿಂಗಿದೆ, ಆವಿ ಬೇಗ ಹೊತ್ತಿಕೊಳ್ಳುವಂಥದ್ದು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವ ಕೆಲಸವಲ್ಲ ಇದು.

ಎರಡನೆಯದು ತಂತಿ. ಗಡಿಯಾರವನ್ನು ಕದಲಿಸುವ ಮೊದಲು ಬಳೆಚಕ್ರಕ್ಕೆ ಬೀಗ ಹಾಕುವ ಸಣ್ಣ ಸನ್ನೆ ಬುಡದಲ್ಲಿರುತ್ತದೆ. ಅದನ್ನು ಹಾಕದೆ ಎತ್ತಿ ಕಾರಿನ ಸೀಟಿನ ಮೇಲಿಟ್ಟು ನಮ್ಮ ಹೆದ್ದಾರಿಯಲ್ಲಿ ಹೊರಟರೆ ತಂತಿ ಉಳಿಯುವುದಿಲ್ಲ. ಮೂರನೆಯದು ಮಟ್ಟ. ಬುಡದಲ್ಲೇ ಪುಟ್ಟ ರಸಮಟ್ಟ ಕೂರಿಸಿದ್ದಾರೆ, ಮೇಸ್ತ್ರಿಗಳ ಕೈಯಲ್ಲಿ ನೋಡುವ ಅದೇ ಗುಳ್ಳೆ. ಕಾಲುಗಳ ತಿರುಪು ತಿರುಗಿಸಿ ಗುಳ್ಳೆಯನ್ನು ನಡುವಿಗೆ ತರಬೇಕು. ಬಾಗಿಲು ಬಡಿದರೆ ನಡುಗುವ ಮೇಜು ಬೇಡ, ಗೋಡೆಗೆ ಕಚ್ಚಿಸಿದ ಕಲ್ಲಿನ ಹಲಗೆ ಒಳ್ಳೆಯದು. ಆಮೇಲೆ ಬೀಗ ತೆಗೆದು ಬಾಗಿಲು ಹಾಕಿ ಸುಮ್ಮನಿರಬೇಕು. ಹೊತ್ತು ಮುಂದೆ ಹೋಯಿತೇ, ಹಿಂದೆ ಬಿತ್ತೇ ಎಂದು ತಿಳಿಯಲು ಗಂಟೆಗಳು ಸಾಲವು. ದಿನಗಟ್ಟಲೆ ಕಾದು ನೋಡಿ, ಒಂದಿಷ್ಟೇ ಸರಿಪಡಿಸಿ, ಮತ್ತೆ ಕಾಯಬೇಕು.

ಈ ಕಾಯುವಿಕೆಯೇ ನನಗೆ ಈ ಗಡಿಯಾರ ಕಲಿಸಿದ್ದು. ಶಕ್ತಿಯ ಕೊರತೆ ಎಂದಾಗ ಇನ್ನೆಲ್ಲಿಂದ ತರಿಸೋಣ ಎಂದು ನಾವು ಕೇಳುತ್ತೇವೆ. ರೂಟರ್ ಮತ್ತು ಅವರ ಕೆಲಸವನ್ನು ಮುಂದುವರಿಸಿದವರು ಇನ್ನೆಷ್ಟು ಕಡಿಮೆಯಲ್ಲಿ ನಡೆಸೋಣ ಎಂದು ಕೇಳಿಕೊಂಡರು. ಬಡಿತವನ್ನು ನಿಧಾನಗೊಳಿಸಿದರು, ಉಜ್ಜುವುದನ್ನು ತಪ್ಪಿಸಿದರು, ಶಾಖಕ್ಕೆ ಬಗ್ಗದ ತಂತಿ ತಂದರು. ಅಗತ್ಯ ಅಷ್ಟು ಕೆಳಗಿಳಿದ ಮೇಲೆ ಸುತ್ತಲಿನ ಗಾಳಿಯಲ್ಲಿ ಮೊದಲಿನಿಂದಲೂ ಇದ್ದದ್ದೇ ಸಾಕಾಯಿತು.

ಪಣಂಬೂರಿನ ವರದಿಯ ಆ ಎರಡು ಅಂಕಿಗಳನ್ನು ಈಗ ನಾನು ದಿನವೂ ನೋಡುತ್ತೇನೆ, ಕೆಳಗಿನದನ್ನು ಮೇಲಿನದರಿಂದ ಕಳೆಯುತ್ತೇನೆ. ಹೊರಗೆ ಬಂದರಿನಲ್ಲಿ ತೈಲದ ಹಡಗು ಹೊರೆ ಇಳಿಸುತ್ತಿರುತ್ತದೆ. ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಅಂಚಿನಿಂದ ಕರಗಲು ಶುರುವಾಗಿರುತ್ತದೆ. ಕಳೆದು ಉಳಿದದ್ದು ನಾಲ್ಕೇ ಆದರೂ ಚಿಂತೆಯಿಲ್ಲ. ಎರಡು ದಿನಕ್ಕೆ ಒಂದೇ ಸಾಕು.